ಗೋಳಗುಮ್ಮಟದ ನೆರಳು: ಮುಂಬಯಿಯ ಪ್ರಧಾನ ಅಂಚೆ ಕಚೇರಿಯ ಒಂದು ಓದು

ಮುಂಬಯಿಯ ವಸಾಹತುಕಾಲೀನ ಕಟ್ಟಡಗಳನ್ನು ಕುರಿತ ಬರವಣಿಗೆಯಲ್ಲಿ ಪ್ರಧಾನ ಅಂಚೆ ಕಚೇರಿಗೆ ದೊರೆಯುವುದು ಹೆಚ್ಚಾಗಿ ಒಂದೆರಡು ವಾಕ್ಯ ಮಾತ್ರ. ಜಾನ್ ಬೆಗ್ ರೂಪಿಸಿದ, 1904ರಲ್ಲಿ ಆರಂಭವಾಗಿ 1913ರಲ್ಲಿ ಮುಗಿದ ಈ ಕಟ್ಟಡದ ನಡುಗುಮ್ಮಟಕ್ಕೆ ಬಿಜಾಪುರದ ಗೋಳಗುಮ್ಮಟವೇ ಮಾದರಿ ಎಂಬಲ್ಲಿಗೆ ಚರ್ಚೆ ನಿಂತುಬಿಡುತ್ತದೆ. ಕೆಲವರಿಗೆ ಅದು ನಕಲು. ಕೆಲವರಿಗೆ ಪೂರ್ವಪಶ್ಚಿಮಗಳ ಸಮನ್ವಯ. ನಮ್ಮವರಿಗೆ ಅಭಿಮಾನದ ಸಂಗತಿ. ಈ ಮೂರು ಓದುಗಳೂ ಅಪೂರ್ಣವೆಂದು ನನ್ನ ಭಾವನೆ.

ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ (1861-65) ಹತ್ತಿಯ ವ್ಯಾಪಾರ ಮುಂಬಯಿಗೆ ಹೇರಳ ಹಣ ತಂದಿತು. ಗವರ್ನರ್ ಬಾರ್ಟಲ್ ಫ್ರಿಯರ್ ಕಾಲದಲ್ಲಿ ಕೋಟೆಯ ಗೋಡೆಗಳು ಉರುಳಿದವು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. 1880ರಲ್ಲಿ ಪ್ರಿನ್ಸಸ್ ಡಾಕ್ ಸಿದ್ಧವಾಯಿತು. ಬಂದರು ಹೀಗೆ ಬೆಳೆಯುತ್ತಿದ್ದಾಗ ಎದ್ದ ಹೈಕೋರ್ಟು, ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ, ಎಫ್. ಡಬ್ಲ್ಯು. ಸ್ಟೀವನ್ಸ್ ರಚಿಸಿದ ವಿಕ್ಟೋರಿಯಾ ಟರ್ಮಿನಸ್ (ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಇವೆಲ್ಲ ಗಾಥಿಕ್ ಶೈಲಿಯವು. ಟರ್ಮಿನಸ್ಸಿನ ಎಲೆ, ಹಕ್ಕಿ, ಪ್ರಾಣಿಗಳ ಕೆತ್ತನೆಯಲ್ಲಿ ಮುಂಬಯಿ ಕಲಾಶಾಲೆಯ ವಿದ್ಯಾರ್ಥಿಗಳ ಕೈಯಿದೆ. ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಮಾರ್ಗ ಗಾಥಿಕ್. ದೇಸಿ ಅದರ ಅಲಂಕಾರ ಮಾತ್ರ.

ಅಂಚೆ ಕಚೇರಿಯಲ್ಲಿ ಈ ಸಂಬಂಧ ತಿರುವು ಪಡೆಯುತ್ತದೆ. ದೇಸಿ ಅಂಚಿನ ಕೆತ್ತನೆಯಾಗಿ ಉಳಿಯದೆ ಕಟ್ಟಡದ ನಡುವನ್ನೇ ಆಕ್ರಮಿಸುತ್ತದೆ. ಆದರೆ ಅದು ಯಾರ ದೇಸಿ? ಬಂದರಿನ ಕೋಳಿಗಳದಲ್ಲ, ಗಿರಣಿ ಕಾರ್ಮಿಕರದಲ್ಲ, ದಖ್ಖನದ ಸುಲ್ತಾನರದು. ಬಿಜಾಪುರ ಆಗ ಮುಂಬಯಿ ಪ್ರಾಂತ್ಯದ ಭಾಗವಾಗಿತ್ತು. ಅಲ್ಲಿನ ವಾಸ್ತುವಿನ ಅಳತೆಚಿತ್ರಗಳು 1866ರಲ್ಲೇ ಲಂಡನ್ನಿನಲ್ಲಿ ಗ್ರಂಥರೂಪ ಪಡೆದಿದ್ದವು. 1880ರ ದಶಕದಲ್ಲಿ ಜಿಲ್ಲಾಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂದಾಗ ಹಳೆಯ ಅರಮನೆಗಳು ಸರಕಾರಿ ಕಚೇರಿಗಳಾದವು. ಅಲ್ಲಿ ಅರಮನೆಯೇ ಕಚೇರಿಯಾಯಿತು; ಇಲ್ಲಿ ಸಮಾಧಿಯ ಆಕೃತಿ ಕಚೇರಿಯಾಯಿತು. ಎರಡರ ಹಿಂದೆಯೂ ತಾನೇ ಹಿಂದಿನ ಅರಸರ ಉತ್ತರಾಧಿಕಾರಿ ಎಂಬ ಆಡಳಿತದ ಧೋರಣೆಯಿದೆ. 'ಸಮನ್ವಯ' ಎಂಬ ಮಾತು ಇದನ್ನು ಮರೆಮಾಚುತ್ತದೆ. ನಮ್ಮ ಅಭಿಮಾನವೂ ಅರಿಯದೆ ಅದಕ್ಕೆ ದನಿಗೂಡಿಸುತ್ತದೆ.

ಹಾಗೆಂದು ಇದು ಬರಿಯ ನಕಲೂ ಅಲ್ಲ. ಮುಹಮ್ಮದ್ ಆದಿಲ್ ಶಾಹನ ಗುಮ್ಮಟ ಒಂದೇ ವಿಶಾಲ ಕೋಣೆಯ ಮೇಲೆ ಏಕಾಂಗಿಯಾಗಿ ನಿಂತಿದೆ. ಅದರ ಕೆಳಗಿರುವುದು ಅರಸುಮನೆತನದ ಸಮಾಧಿಗಳು. ಮುಂಬಯಿಯ ಗುಮ್ಮಟ ಉದ್ದನೆಯ ಪಾರ್ಶ್ವಗಳ ನಡುವೆ ಏಳುತ್ತದೆ. ಅದರ ಕೆಳಗೆ ಸಾಲುಗಟ್ಟಿದವರು ಊರಿಗೆ ಕಾಗದ, ಮನಿಯಾರ್ಡರು ಕಳುಹಿಸುವ ಸಾಮಾನ್ಯರು. ಬಿಜಾಪುರ ಸೀಮೆಯಿಂದ, ಕರಾವಳಿಯಿಂದ ದುಡಿಮೆಗೆ ಬಂದ ಕನ್ನಡಿಗರೂ ಅವರಲ್ಲಿದ್ದರು. ಅರಸನ ನೆನಪಿಗೆ ಹುಟ್ಟಿದ ಆಕೃತಿ ಹೀಗೆ ಮನೆಯವರ ನೆನಪನ್ನು ಹೊತ್ತದ್ದು ವಾಸ್ತುಶಿಲ್ಪಿಯ ಉದ್ದೇಶದಿಂದಲ್ಲ, ಬಳಸಿದವರಿಂದ. ದೇಸಿ ಮಾರ್ಗವನ್ನು ಹೊಕ್ಕು ಅದನ್ನು ಬದಲಿಸುವುದೆಂದರೆ ಇದೇ.

ಹೊರನಾಡ ಕನ್ನಡದ ಅಧ್ಯಯನ ಸಂಘಸಂಸ್ಥೆಗಳ ಚರಿತ್ರೆಗೇ ಸೀಮಿತವಾಗಬಾರದು. ಮನೆಗಳ ಪೆಟ್ಟಿಗೆಗಳಲ್ಲಿ ಉಳಿದಿರುವ ಹಳೆಯ ಕಾಗದಗಳನ್ನು, ಮನಿಯಾರ್ಡರ್ ರಸೀತಿಗಳನ್ನು ಸಂಗ್ರಹಿಸದೆ ಈ ಕಟ್ಟಡದ ಓದು ಪೂರ್ಣವಾಗದು. ಕಲ್ಲು ಇನ್ನೂ ಬಹುಕಾಲ ನಿಲ್ಲುತ್ತದೆ. ಕಾಗದ ಅಷ್ಟು ಕಾಲ ಕಾಯುವುದಿಲ್ಲ.