ಬಿಳಿ ಚೆಂಡು ನಿಂತ ಜಾಗ

ಪೂಲ್ ಆಟವನ್ನೇ ವಸ್ತುವಾಗಿಸಿಕೊಂಡ ಎರಡು ಹೆಸರಾಂತ ಅಮೆರಿಕನ್ ಚಲನಚಿತ್ರಗಳಿವೆ. 1961ರಲ್ಲಿ ರಾಬರ್ಟ್ ರಾಸನ್ ನಿರ್ದೇಶಿಸಿದ ‘ದಿ ಹಸ್ಲರ್’ ಮೊದಲನೆಯದು. ಇಪ್ಪತ್ತೈದು ವರ್ಷಗಳ ನಂತರ, 1986ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ತೆಗೆದ ‘ದಿ ಕಲರ್ ಆಫ್ ಮನಿ’ ಎರಡನೆಯದು. ಎರಡರಲ್ಲೂ ಎಡ್ಡಿ ಎಂಬ ಪಂದ್ಯಕೋರ ಆಟಗಾರನ ಪಾತ್ರವನ್ನು ಮಾಡಿದವನು ಪಾಲ್ ನ್ಯೂಮನ್. ಎರಡನೆಯ ಚಿತ್ರ ಅವನಿಗೆ ಶ್ರೇಷ್ಠ ನಟನ ಆಸ್ಕರ್ ತಂದುಕೊಟ್ಟಿತು. ಈ ಚಿತ್ರಗಳ ನಟನೆ, ಸಂಭಾಷಣೆಗಳ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಅವುಗಳೊಳಗಿನ ಆಟದ ಬಗ್ಗೆ, ಅದರಲ್ಲೂ ಬಿಳಿ ಚೆಂಡಿನ ಪಕ್ಕಕ್ಕೆ ಹೊಡೆದು ಅದನ್ನು ಬುಗುರಿಯಂತೆ ತಿರುಗಿಸುವ ‘ಸೈಡ್ ಸ್ಪಿನ್’ ಬಗ್ಗೆ ನಾನು ನಾಲ್ಕು ಮಾತು ಹೇಳಬೇಕು.

ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಹೆಂಗಸಿಗೂ ಪೂಲ್ ಆಟಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ನೀವು ನಗಬಹುದು. ನಮ್ಮ ಸ್ಟಾಫ್ ರೂಮಿನ ಕೇರಂ ಬೋರ್ಡಿನ ಮುಂದೆ ಕೂತು ಕೂತು ನನಗೆ ಕೋನಗಳ ರುಚಿ ಹತ್ತಿತ್ತು. ಆಮೇಲೆ ತಮ್ಮನ ಮಗ ರಜೆಯಲ್ಲಿ ಬಂದವನು, “ಬನ್ನಿ ಅತ್ತೆ, ದೊಡ್ಡ ಕೇರಂ ತೋರಿಸ್ತೀನಿ” ಎಂದು ಪೂಲ್ ಟೇಬಲ್ಲಿನ ಹತ್ತಿರ ಕರೆದೊಯ್ದು, ಕೋಲು ಕೈಗೆ ಕೊಟ್ಟು ತಾಳ್ಮೆಯಿಂದ ಹೇಳಿಕೊಟ್ಟ. ಅಲ್ಲಿ ಕಲಿತದ್ದರಿಂದ ಈ ಚಿತ್ರಗಳನ್ನು ಬೇರೆ ಕಣ್ಣಿನಿಂದ ನೋಡುವುದು ಸಾಧ್ಯವಾಯಿತು.

ಮೊದಲು ಆಟದ ಮರ್ಮವನ್ನು ತಿಳಿದುಕೊಳ್ಳೋಣ. ಬಿಳಿ ಚೆಂಡನ್ನು ಸರಿಯಾಗಿ ನಡುಮಧ್ಯಕ್ಕೆ ಹೊಡೆದರೆ ಅದು ಟೇಬಲ್ಲಿನ ಅಂಚಿಗೆ, ಎಂದರೆ ಕುಶನ್ನಿಗೆ, ಯಾವ ಕೋನದಲ್ಲಿ ಬಡಿಯಿತೋ ಹೆಚ್ಚುಕಡಿಮೆ ಅದೇ ಕೋನದಲ್ಲಿ ಹಿಂದಿರುಗುತ್ತದೆ. ಬಲಪಕ್ಕಕ್ಕೆ ಹೊಡೆದರೆ ಕುಶನ್ ತಾಗಿದೊಡನೆ ಅದು ಬಲಕ್ಕೆ ವಾಲುತ್ತದೆ. ಎಡಪಕ್ಕಕ್ಕೆ ಹೊಡೆದರೆ ಎಡಕ್ಕೆ. ಚೆಂಡು ಹೋಗುತ್ತಿದ್ದ ದಿಕ್ಕಿಗೇ ತಿರುವು ಒದಗಿದರೆ ಕೋನ ಅಗಲವಾಗಿ ಓಟಕ್ಕೆ ವೇಗ ಬರುತ್ತದೆ. ವಿರುದ್ಧವಾಗಿದ್ದರೆ ಕೋನ ಕಿರಿದಾಗಿ ಚೆಂಡು ನಿಧಾನಿಸುತ್ತದೆ. ಸೈಡ್ ಸ್ಪಿನ್‌ನ ಮುಖ್ಯ ಉಪಯೋಗ ಇದೇ. ಅನೇಕರು ತಿಳಿದಂತೆ ಅದು ಬಣ್ಣದ ಚೆಂಡನ್ನು ಪಾಕೆಟ್ಟಿಗೆ ಬೀಳಿಸುವ ಮಂತ್ರವಲ್ಲ. ಬಣ್ಣದ ಚೆಂಡು ಬಿದ್ದ ಮೇಲೆ ಬಿಳಿ ಚೆಂಡು ಎಲ್ಲಿಗೆ ಹೋಗಿ ನಿಲ್ಲಬೇಕು, ಮುಂದಿನ ಹೊಡೆತಕ್ಕೆ ಎಷ್ಟು ಅನುಕೂಲವಾಗಬೇಕು ಎಂಬುದಕ್ಕಾಗಿ ಇರುವ ಉಪಾಯ.

ಉಪಾಯಕ್ಕೆ ಬೆಲೆಯೂ ಇದೆ. ಬಲಕ್ಕೆ ಹೊಡೆದ ಚೆಂಡು ಕೋಲು ತೋರಿದ ದಾರಿಯಲ್ಲಿ ನೇರವಾಗಿ ಹೋಗದೆ ಸ್ವಲ್ಪ ಎಡಕ್ಕೆ ಜಾರಿ ಹೊರಡುತ್ತದೆ. ಕೋಲಿನ ಹಿಂಬದಿ ಯಾವಾಗಲೂ ಸ್ವಲ್ಪ ಎತ್ತರದಲ್ಲಿರುವುದರಿಂದ ಹೋಗುತ್ತಾ ಹೋಗುತ್ತಾ ಮತ್ತೆ ಬಲಕ್ಕೆ ಬಾಗುತ್ತದೆ. ಬಣ್ಣದ ಚೆಂಡಿಗೆ ತಾಗುವಾಗ ಉಜ್ಜಿಕೊಂಡು ಅದನ್ನೂ ಎಡಕ್ಕೆ ಕೊಂಚ ತಳ್ಳುತ್ತದೆ. ಹೀಗೆ ಒಂದು ಗುರಿಗೆ ಮೂರು ಲೆಕ್ಕಗಳು. ವೇಗ, ದೂರ, ಹಾಸಿದ ಬಟ್ಟೆಯ ನಯ ಬದಲಾದಂತೆ ಮೂರೂ ಬದಲಾಗುತ್ತವೆ. ಪೂಲ್ ಚೆಂಡಿನ ವ್ಯಾಸ 57 ಮಿಲಿಮೀಟರ್. ನಡುವಿನಿಂದ ಸುಮಾರು 14 ಮಿಲಿಮೀಟರ್‌ಗಿಂತ ಆಚೆಗೆ ಹೊಡೆದರೆ ಚಾಕ್ ಹಚ್ಚಿದ ಕೋಲಿನ ತುದಿಯೂ ಜಾರುತ್ತದೆ. ಆದ್ದರಿಂದ ಬಲ್ಲವರ ನಿಯಮ ಸರಳ: ನಡುವಿಗೆ ಹೊಡೆದು ಆಗುವ ಕೆಲಸಕ್ಕೆ ಪಕ್ಕಕ್ಕೆ ಹೋಗಬೇಡ, ಮೇಲಕ್ಕೋ ಕೆಳಕ್ಕೋ ಹೊಡೆದು ಚೆಂಡನ್ನು ಮುಂದಕ್ಕೆ, ಹಿಂದಕ್ಕೆ ತರಲಾಗುವುದಾದರೆ ಅಷ್ಟೇ ಸಾಕು, ದೂರದ ಹೊಡೆತಕ್ಕಂತೂ ಎರಡು ಸಲ ಯೋಚಿಸು. ಕುಶನ್ನಿನಿಂದ ಹಿಂದಿರುಗುವ ದಾರಿಯನ್ನು ಬದಲಿಸದೆ ಗತ್ಯಂತರವಿಲ್ಲ ಎಂದಾಗ ಮಾತ್ರ, ಬೇಕಾದಷ್ಟೇ ಸೈಡ್ ಕೊಡು. ಅಡಿಗೆಗೆ ಇಂಗು ಹಾಕಿದ ಹಾಗೆ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಫ್ರಾಂಸ್ವಾ ಮೆಂಗೋ ಕೋಲಿನ ತುದಿಗೆ ಚರ್ಮ ಹಚ್ಚಿದ ಮೇಲೆಯೇ ಈ ವಿದ್ಯೆ ಬೆಳೆದದ್ದು. 1835ರಲ್ಲಿ ಅದೇ ದೇಶದ ಕೊರಿಯೋಲಿಸ್ ಬಿಲಿಯರ್ಡ್ಸ್ ಚೆಂಡುಗಳ ಗಣಿತವನ್ನೇ ಒಂದು ಪುಸ್ತಕವಾಗಿ ಬರೆದ. ಭೂಗೋಳದ ಪಾಠದಲ್ಲಿ ಗಾಳಿಯ ದಿಕ್ಕು ಏಕೆ ಬಾಗುತ್ತದೆಂದು ಹೇಳುವಾಗ ನಾನು ಮಕ್ಕಳಿಗೆ ಹೇಳಿಕೊಡುವ ಕೊರಿಯೋಲಿಸನೂ ಇವನೇ ಎಂದು ತಿಳಿದಾಗ ಸಂತೋಷವಾಯಿತು.

ಈಗ ಚಿತ್ರಗಳಿಗೆ ಬರೋಣ. ‘ದಿ ಕಲರ್ ಆಫ್ ಮನಿ’ಯ ಆಟ ನೈನ್-ಬಾಲ್. ಟೇಬಲ್ಲಿನ ಮೇಲಿರುವ ಅತಿ ಕಡಿಮೆ ಸಂಖ್ಯೆಯ ಚೆಂಡನ್ನೇ ಮೊದಲು ಮುಟ್ಟಬೇಕಾದ್ದರಿಂದ, ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೆಂಬುದೇ ಈ ಆಟದ ಜೀವ. ಆದರೆ ಚಿತ್ರದಲ್ಲಿ ನಾವು ಕಾಣುವುದೇನು? ಕ್ಯಾಮೆರಾ ಟೇಬಲ್ಲಿನ ಸುತ್ತ ಹಾರುತ್ತದೆ, ಚೆಂಡುಗಳು ಸಿಡಿಲಿನಂತೆ ಬಡಿಯುತ್ತವೆ, ಟಾಮ್ ಕ್ರೂಸ್‌ನ ವಿನ್ಸೆಂಟ್ ಕೋಲನ್ನು ಕತ್ತಿಯಂತೆ ತಿರುಗಿಸಿ ಕುಣಿಯುತ್ತಾನೆ. ಕಣ್ಣಿಗೆ ಹಬ್ಬವೇ ಸರಿ. ಆದರೆ ಹಲವು ಕಡೆ ಬಣ್ಣದ ಚೆಂಡು ಬಿದ್ದೊಡನೆ ದೃಶ್ಯ ಬದಲಾಗುತ್ತದೆ. ಬಿಳಿ ಚೆಂಡು ಉರುಳಿ ನಿಲ್ಲುವ ತನಕ ಕಾಯುವ ವ್ಯವಧಾನವಿಲ್ಲ. ತಿರುವು ಇದೆ, ಅದರ ಕಾರಣ ಇಲ್ಲ. ವಿನ್ಸೆಂಟ್ ಹೀಗೆ ಮೆರೆದು ಗೆದ್ದದ್ದರಿಂದಲೇ ದೊಡ್ಡ ಹಣದ ಎದುರಾಳಿ ಜಾರಿಕೊಂಡನೆಂದು ಎಡ್ಡಿ ಸಿಟ್ಟಾಗುತ್ತಾನೆ. ಹುಡುಗನಿಗೆ ಮುಂದಿನದನ್ನು ನೋಡುವ ಕಣ್ಣಿಲ್ಲ ಎಂದು ಹೇಳುವ ಚಿತ್ರ, ತಾನೂ ಹುಡುಗನ ಕಣ್ಣಿನಿಂದಲೇ ಟೇಬಲ್ಲನ್ನು ನೋಡುತ್ತದೆ. ಇದು ನನ್ನ ತಕರಾರು.

‘ದಿ ಹಸ್ಲರ್’ ಕಪ್ಪು-ಬಿಳುಪಿನ ಚಿತ್ರ, ನಿಧಾನದ ಚಿತ್ರ. ಆದರೆ ಅದರ ಅಗಲವಾದ ಪರದೆಯಲ್ಲಿ ಟೇಬಲ್ಲಿನ ಬಹುಭಾಗ ಕಾಣುತ್ತದೆ, ಚೆಂಡಿನ ಓಟ ಕಾಣುತ್ತದೆ. ಆಟದ ಮಹಾರಥಿ ವಿಲ್ಲಿ ಮೊಸ್ಕೋನಿ ಅದಕ್ಕೆ ಸಲಹೆಗಾರನಾಗಿದ್ದ. ಜಾಕಿ ಗ್ಲೀಸನ್‌ನ ಮಿನೆಸೊಟಾ ಫ್ಯಾಟ್ಸ್ ರಾತ್ರಿಯಿಡೀ ಆಡಿ ದಣಿದ ಮೇಲೆ ಮುಖ ತೊಳೆದು, ಕೈಗೆ ಪೌಡರ್ ಹಚ್ಚಿ, ಅಚ್ಚುಕಟ್ಟಾಗಿ ಮತ್ತೆ ಟೇಬಲ್ಲಿಗೆ ಬರುತ್ತಾನೆ. ಕುಡಿದು ಮೆರೆದ ಎಡ್ಡಿ ಎಲ್ಲಿ ಸೋತ ಎಂಬುದಕ್ಕೆ ಅಷ್ಟು ಸಾಕು. ಅನಗತ್ಯವಾದದ್ದನ್ನು ಮಾಡದಿರುವುದೇ ನಿಪುಣತೆ ಎಂದು ಬಲ್ಲ ಚಿತ್ರ ಇದು. ನನ್ನ ಮಟ್ಟಿಗೆ ಇದೇ ಮೇಲು.

ಆದರೂ ಎರಡರಲ್ಲೂ ನನ್ನನ್ನು ಕಾಡಿದ ಒಂದು ವಿಷಯವಿದೆ. ಹೆಂಗಸರು ಟೇಬಲ್ಲಿನ ಪಕ್ಕದಲ್ಲೇ ನಿಲ್ಲುತ್ತಾರೆ. ಮೊದಲ ಚಿತ್ರದ ಸಾರಾ ಪ್ರಾಣ ಕಳೆದುಕೊಳ್ಳುತ್ತಾಳೆ. ಎರಡನೆಯದರ ಕಾರ್ಮೆನ್ ವಿನ್ಸೆಂಟನ ವ್ಯವಹಾರ ನೋಡಿಕೊಳ್ಳುತ್ತಾಳೆ. ಕಥೆಯ ಗಂಭೀರ ಪಂದ್ಯಗಳಲ್ಲಿ ಕೋಲು ಗಂಡಸರ ಕೈಯಲ್ಲೇ. ಮೂಲ ಕಾದಂಬರಿಗಳೆರಡನ್ನೂ ಬರೆದ ವಾಲ್ಟರ್ ಟೆವಿಸ್, 1983ರ ‘ದಿ ಕ್ವೀನ್ಸ್ ಗ್ಯಾಂಬಿಟ್’ನಲ್ಲಿ ಅನಾಥ ಹುಡುಗಿಯೊಬ್ಬಳನ್ನು ಚದುರಂಗದ ಮಣೆಯ ಮುಂದೆ ಕೂರಿಸಿ ಗೆಲ್ಲಿಸಿದವನು. ಪೂಲ್ ಟೇಬಲ್ಲಿನ ಮುಂದೆ ಮಾತ್ರ ಅವನಿಗೆ ಅಂಥ ಹುಡುಗಿ ಕಾಣಲಿಲ್ಲ. ಇನ್ನೊಂದು ವಿಚಿತ್ರ ನೋಡಿ: ‘ದಿ ಹಸ್ಲರ್’ ಚಿತ್ರದ ಸಂಕಲನ ಮಾಡಿದವಳು ಡೀಡೀ ಆಲನ್, ‘ದಿ ಕಲರ್ ಆಫ್ ಮನಿ’ಯದು ಥೆಲ್ಮಾ ಶೂನ್‌ಮೇಕರ್. ಯಾವ ಹೊಡೆತ ಎಷ್ಟು ಹೊತ್ತು ಕಾಣಬೇಕೆಂದು ಕತ್ತರಿ ಹಿಡಿದು ಕೂತವರು ಇಬ್ಬರೂ ಹೆಂಗಸರೇ.

ನಿಜವಾದ ಆಟದಲ್ಲಿ ನಮ್ಮ ಹೆಣ್ಣುಮಕ್ಕಳು ಪಕ್ಕದಲ್ಲೇ ನಿಂತಿಲ್ಲ. ಪೂಲ್‌ನ ಅಕ್ಕನಂತಿರುವ ಬಿಲಿಯರ್ಡ್ಸ್‌ನಲ್ಲಿ ಬಿಳಿ ಚೆಂಡೇ ಬೇರೆ ಚೆಂಡಿಗೆ ತಾಗಿ ಪಾಕೆಟ್ಟಿಗೆ ಬಿದ್ದರೂ ಅಂಕವಿರುವುದರಿಂದ ಸೈಡ್ ಸ್ಪಿನ್‌ಗೆ ಇನ್ನೂ ಹೆಚ್ಚಿನ ಕೆಲಸ. ಅದರಲ್ಲಿ ನಮ್ಮ ಕರ್ನಾಟಕದ ಚಿತ್ರಾ ಮಗಿಮೈರಾಜ್ 2006ರಲ್ಲಿ, ಉಮಾದೇವಿ ನಾಗರಾಜ್ 2012ರಲ್ಲಿ ವಿಶ್ವ ಮಹಿಳಾ ಪ್ರಶಸ್ತಿ ಗೆದ್ದರು. ಉಮಾದೇವಿ ಸರ್ಕಾರಿ ಕೆಲಸದಲ್ಲಿದ್ದುಕೊಂಡೇ ಈ ಆಟ ಸಾಧಿಸಿದವರು. ಆದರೂ ನಮ್ಮಂಥ ಊರುಗಳ ಪೂಲ್ ಪಾರ್ಲರುಗಳಿಗೆ ಹುಡುಗಿಯೊಬ್ಬಳು ಹೋಗುತ್ತೇನೆಂದರೆ ಮನೆಯವರ ಹುಬ್ಬು ಮೇಲೇರುತ್ತದೆ. ಅಲ್ಲಿ ಏನು ನಡೆಯುತ್ತದೆಂಬ ಅವರ ಕಲ್ಪನೆ ಹುಟ್ಟಿರುವುದು ಇಂಥ ಸಿನಿಮಾಗಳಿಂದಲೇ: ಹೊಗೆ, ಜೂಜು, ಮೆರೆದಾಟ. ಲೆಕ್ಕ ಮತ್ತು ಸಂಯಮ ಅವರ ಕಣ್ಣಿಗೆ ಬಿದ್ದೇ ಇಲ್ಲ.

ಆದ್ದರಿಂದ ಓದುಗ ಗೆಳತಿಯರೇ, ಈ ಚಿತ್ರಗಳನ್ನು ನೋಡುವ ಅವಕಾಶ ಸಿಕ್ಕರೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಬಣ್ಣದ ಚೆಂಡು ಬಿದ್ದಾಗ ಚಪ್ಪಾಳೆ ತಟ್ಟುವ ಬದಲು, “ಬಿಳಿ ಚೆಂಡು ಎಲ್ಲಿ ನಿಂತಿತು? ಅಲ್ಲಿಗೆ ಹೋಗಲು ತಿರುವು ಬೇಕಿತ್ತೇ?” ಎಂದು ಅವಳನ್ನು ಕೇಳಿ. ಅವಳು ಉತ್ತರ ಹೇಳತೊಡಗಿದರೆ, ಮುಂದಿನ ರಜೆಯಲ್ಲಿ ನೀವೇ ಅವಳನ್ನು ಟೇಬಲ್ಲಿನ ಹತ್ತಿರ ಕರೆದುಕೊಂಡು ಹೋಗಿ.