ಫೆನ್ಸಿಬಲ್ ದಳಗಳ ಚರಿತ್ರೆ: ಒಂದು ವಿಮರ್ಶೆ

ಹದಿನೆಂಟನೆಯ ಶತಮಾನದ ಕಡೆಯ ಭಾಗದಲ್ಲಿ ಬ್ರಿಟನ್ ಹಾಗೂ ಐರ್ಲೆಂಡುಗಳಲ್ಲಿ ಸ್ವದೇಶರಕ್ಷಣೆಗೆಂದೇ ಕಟ್ಟಲಾದ ಸೇನೆಗಳ ಚರಿತ್ರೆಯು ಬಹುಕಾಲ ರೆಜಿಮೆಂಟುಗಳ ಅಭಿಮಾನಿಗಳ ಕೈಯಲ್ಲಿಯೇ ಉಳಿದಿತ್ತು. ಧ್ವಜ, ಸಮವಸ್ತ್ರ, ಅಧಿಕಾರಿಗಳ ವಂಶಾವಳಿ ಇವುಗಳ ವಿವರ ಅವರ ಗ್ರಂಥಗಳಲ್ಲಿ ಹೇರಳವಾಗಿದೆ. ಸಾಮಾನ್ಯ ಸಿಪಾಯಿಯು ಯಾವ ಕರಾರಿನ ಮೇಲೆ ಸೇನೆಗೆ ಸೇರಿದನೆಂಬ ಪ್ರಶ್ನೆಗೆ ಉತ್ತರ ವಿರಳ. ವಿಷಯದ ತಿರುಳು ಈ ಪ್ರಶ್ನೆಯಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ.

ಮೊದಲು ಮಿಲಿಷಿಯಾ ಮತ್ತು ಫೆನ್ಸಿಬಲ್ ದಳಗಳ ಭೇದವನ್ನು ಗುರುತಿಸಬೇಕು. ಮಿಲಿಷಿಯಾಕ್ಕೆ ಜನರನ್ನು ಚೀಟಿ ಎತ್ತಿ ಆರಿಸುವ ಕ್ರಮವನ್ನು ಶಾಸನವೇ ವಿಧಿಸಿತ್ತು. ಅಂತಹ ಶಾಸನವು ಇಂಗ್ಲೆಂಡಿನಲ್ಲಿ 1757ರಲ್ಲಿ, ಐರ್ಲೆಂಡಿನಲ್ಲಿ 1793ರಲ್ಲಿ, ಸ್ಕಾಟ್ಲೆಂಡಿನಲ್ಲಿ 1797ರಲ್ಲಿ ಜಾರಿಗೆ ಬಂದಿತು. ಫೆನ್ಸಿಬಲ್ ಸಿಪಾಯಿಯಾದರೋ ಮುಂಗಡ ಹಣ ಪಡೆದು ತಾನಾಗಿ ಸೇರಿದವನು. ಯುದ್ಧ ಮುಗಿಯುವವರೆಗೆ ಪೂರ್ಣಕಾಲದ ಸೈನಿಕ. ತನ್ನ ಒಪ್ಪಿಗೆಯಿಲ್ಲದೆ ಸಾಗರದಾಚೆಗೆ ಹೋಗಬೇಕಾಗಿಲ್ಲವೆಂಬುದೇ ಅವನ ಕರಾರಿನ ಜೀವಾಳ. 1793ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಟ್ಟಿದ ದಳಗಳಿಗೆ, ಶತ್ರುವು ದಾಳಿ ಮಾಡಿದ ಹೊರತು ಇಂಗ್ಲೆಂಡಿಗೂ ಹೋಗಬೇಕಾಗಿಲ್ಲವೆಂಬ ಭರವಸೆಯಿತ್ತು.

ಈ ಭರವಸೆಯನ್ನು ಸಿಪಾಯಿಗಳು ಏಕೆ ಸಂಶಯದಿಂದ ಕಂಡರು? ಹಿಂದಿನ ಅನುಭವವೇ ಅದಕ್ಕೆ ಕಾರಣ. ಮೂರು ವರ್ಷಕ್ಕೆ ಅಥವಾ ಯುದ್ಧ ಮುಗಿಯುವವರೆಗೆ ಎಂಬ ಕರಾರಿನ ಮೇಲೆ ಸೇರಿದ್ದ ಅಥೋಲ್ ಹೈಲ್ಯಾಂಡರರು ಫೆನ್ಸಿಬಲರಲ್ಲ, ಖಾಯಂ ಸೇನೆಯವರು. ಮೈಸೂರಿನೊಡನೆ ಕಂಪೆನಿಯ ಯುದ್ಧ ನಡೆಯುತ್ತಿದ್ದ 1783ರಲ್ಲಿ ಅವರನ್ನು ಇಂಡಿಯಾಕ್ಕೆ ಕಳುಹಿಸಲು ಹವಣಿಸಿದಾಗ ಪೋರ್ಟ್ಸ್‌ಮತ್ ಬಂದರಿನಲ್ಲಿ ಅವರು ದಂಗೆಯೆದ್ದರು, ಸರ್ಕಾರ ಮಣಿಯಬೇಕಾಯಿತು.

ಗಾರ್ತ್‌ನ ಡೇವಿಡ್ ಸ್ಟೂವರ್ಟನು 1822ರ ತನ್ನ ಗ್ರಂಥದಲ್ಲಿ, ಇಂತಹ ದಂಗೆಗಳಿಗೆ ವಚನಭಂಗವೇ ಮೂಲವೆಂದು ಧೈರ್ಯವಾಗಿ ಹೇಳಿದನು. ಆದರೆ ಸ್ವತಃ ಹೈಲ್ಯಾಂಡ್ ಅಧಿಕಾರಿಯಾದ ಅವನಿಗೆ ಅದು ಗುಡ್ಡಗಾಡಿನವರ ಮಾನವಂತಿಕೆಯ ನಿದರ್ಶನವಾಗಿ ಕಂಡಿತು. 1975ರಲ್ಲಿ ಜಾನ್ ಪ್ರೆಬಲ್ ಬರೆದ ಗ್ರಂಥವು ಓದುಗನ ಮನಸ್ಸನ್ನು ಕಲಕುವಂತಹುದು. ವಂಚಿತರ ಕಥೆಯಾಗಿಯೇ ಅದು ಸಾಗುತ್ತದೆ. ಆಂಡ್ರೂ ಮೆಕಿಲ್ಲಪ್ ಅವರು 2000ದ ತಮ್ಮ ಗ್ರಂಥದಲ್ಲಿ ಜಮೀನ್ದಾರರ ಕಾಗದಪತ್ರಗಳನ್ನು ಪರಿಶೀಲಿಸಿ, ಮಗನನ್ನು ಸೇನೆಗೆ ಕೊಟ್ಟ ಒಕ್ಕಲು ಪ್ರತಿಯಾಗಿ ಗೇಣಿಯ ಹಕ್ಕನ್ನು ಕೇಳಿ ಪಡೆಯುತ್ತಿದ್ದನೆಂದು ತೋರಿಸಿದರು. ಕುಲನಾಯಕನ ಮೇಲಣ ಭಕ್ತಿಯೆಂಬ ಹಳೆಯ ವಿವರಣೆಗೆ ಇದು ತಕ್ಕ ಉತ್ತರ.

ಆದರೂ ಯಾವ ಒಂದು ಸೂತ್ರವೂ ಎಲ್ಲಕ್ಕೂ ಸಲ್ಲದು. ಸರ್ ಜೇಮ್ಸ್ ಗ್ರಾಂಟನು ಕಟ್ಟಿದ ಸ್ಟ್ರಾತ್‌ಸ್ಪೇ ಫೆನ್ಸಿಬಲ್ ದಳವನ್ನೇ ನೋಡಬಹುದು. 1794ರಲ್ಲಿ ಲಿನ್‌ಲಿತ್‌ಗೋದಲ್ಲಿ ಆ ಸಿಪಾಯಿಗಳು ತಿರುಗಿಬಿದ್ದುದು ಇಂಗ್ಲೆಂಡಿಗೆ ಒಯ್ಯುವರೆಂಬ ಸುದ್ದಿಯಿಂದ. ಅದು ಕರಾರಿನ ಜಗಳ. 1795ರಲ್ಲಿ ಡಮ್‌ಫ್ರೀಸ್‌ನಲ್ಲಿ ನಡೆದುದು ಸೆರೆಯಲ್ಲಿದ್ದ ಜೊತೆಗಾರರನ್ನು ಬಿಡಿಸುವ ಯತ್ನ. ಆ ತಪ್ಪಿಗಾಗಿ ಗಲೆನ್ ಮರಳುಬಯಲಿನಲ್ಲಿ ಇಬ್ಬರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಇಲ್ಲಿ ವಚನಭಂಗವೂ ಇಲ್ಲ, ಗೇಣಿಯ ಲೆಕ್ಕಾಚಾರವೂ ಇಲ್ಲ. ಎರಡನ್ನೂ 'ದಂಗೆ' ಎಂಬ ಒಂದೇ ಹೆಸರಿನಲ್ಲಿ ಸೇರಿಸಿದರೆ ಆ ಇಬ್ಬರ ಮರಣದ ಅರ್ಥವೇ ಮರೆಯಾಗುತ್ತದೆ.

ಐರ್ಲೆಂಡಿನ ಕಡೆ ತೊಡಕು ಇನ್ನೂ ಹೆಚ್ಚು. 1793ರ ಮಿಲಿಷಿಯಾ ವಿರೋಧಿ ಗಲಭೆಗಳಲ್ಲಿ ಸುಮಾರು 230 ಮಂದಿ ಮಡಿದರೆಂದು ಥಾಮಸ್ ಬಾರ್ಟ್‌ಲೆಟ್ ಅವರು 1983ರ ಲೇಖನದಲ್ಲಿ ಗಣಿಸಿದ್ದಾರೆ. ಪರದೇಶಕ್ಕೆ ಸಾಗಿಸುವರೆಂಬ ಭೀತಿ ಅಲ್ಲಿಯೂ ಇತ್ತು. 1922ರಲ್ಲಿ ಡಬ್ಲಿನ್ನಿನ ದಾಖಲೆ ಭಂಡಾರವು ನಾಶವಾದುದರಿಂದ ಸಂಶೋಧಕನು ಕ್ಯೂ ಪತ್ರಾಗಾರದಲ್ಲಿರುವ ಹಾಜರಿ ಮತ್ತು ಸಂಬಳದ ಪಟ್ಟಿಗಳನ್ನು ಹೆಚ್ಚಾಗಿ ಆಶ್ರಯಿಸಬೇಕಾಗಿದೆ. ಆ ಪಟ್ಟಿಗಳು ಹೆಸರು, ದಿನ, ಹಣ ಇವನ್ನು ತಿಳಿಸುತ್ತವೆ, ಮನಸ್ಸನ್ನು ತಿಳಿಸವು. ಜಮೀನ್ದಾರನ ಪತ್ರಗಳು ಕಾರಣ ಹೇಳುತ್ತವೆ, ಆದರೆ ಜಮೀನ್ದಾರನ ಬಾಯಿಂದ. ಇವೆರಡನ್ನೂ ಸೇನಾ ನ್ಯಾಯಾಲಯದ ಸಾಕ್ಷ್ಯಗಳೊಡನೆ ಒಂದೊಂದು ದಳಕ್ಕೂ ಬೇರೆ ಬೇರೆಯಾಗಿ ಹೋಲಿಸಿ ಓದಬೇಕು. ಪ್ರಶಂಸೆಯಾಗಲಿ ಮರುಕವಾಗಲಿ ಈ ಶ್ರಮಕ್ಕೆ ಬದಲಾಗಲಾರದು.