ಹೆಸರು ಅಳಿಸಿದರೆ ಗುಟ್ಟು ಉಳಿಯುವುದೇ?

2020ರ ಮಾರ್ಚ್ 9ರಂದು ಕರ್ನಾಟಕದ ಮೊದಲ ಕೋವಿಡ್-19 ಪ್ರಕರಣ ಬೆಂಗಳೂರಿನಲ್ಲಿ ಖಚಿತವಾಯಿತು. ಅಲ್ಲಿಂದ ಮುಂದೆ ರಾಜ್ಯ ಆರೋಗ್ಯ ಇಲಾಖೆಯ ದೈನಂದಿನ ಪ್ರಕಟಣೆಗಾಗಿ ಜನ ಕಾದು ಕುಳಿತಿರುತ್ತಿದ್ದುದು ಎಲ್ಲರಿಗೂ ನೆನಪಿದೆ. ಅದರಲ್ಲಿ ರೋಗಿಯ ಹೆಸರು ಇರುತ್ತಿರಲಿಲ್ಲ. 'ಪಿ' ಎಂಬ ಅಕ್ಷರದ ಮುಂದೆ ಒಂದು ಕ್ರಮಸಂಖ್ಯೆ; ನಂತರ ವಯಸ್ಸು, ಲಿಂಗ, ಊರು ಅಥವಾ ಜಿಲ್ಲೆ, ಪ್ರಯಾಣದ ಹಿನ್ನೆಲೆ, ಇಲ್ಲವೇ ಯಾರ ಸಂಪರ್ಕದಿಂದ ಸೋಂಕು ತಗುಲಿತು ಎಂಬ ವಿವರ. ಹೆಸರಿಲ್ಲವಾದ್ದರಿಂದ ರೋಗಿಯ ಖಾಸಗಿತನಕ್ಕೆ ಧಕ್ಕೆಯಿಲ್ಲ ಎಂಬುದು ಇದರ ಹಿಂದಿದ್ದ ನಂಬಿಕೆ.

ಈ ನಂಬಿಕೆ ವೈಜ್ಞಾನಿಕವಾಗಿ ಸರಿಯೇ? ಸಾಂಕ್ರಾಮಿಕದ ನಂತರ ನಾವು ಪಡೆದ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ, 2023 ಈ ದೋಷವನ್ನು ತಿದ್ದಿದೆಯೇ? ಇವೆರಡು ಪ್ರಶ್ನೆಗಳನ್ನು ಒಟ್ಟಿಗೇ ಪರಿಶೀಲಿಸಬೇಕಾಗಿದೆ.

ಕೊಳಗಲ್ಲಿನಲ್ಲಿ ಒಂದು ಲೆಕ್ಕ

ಬಳ್ಳಾರಿ ನಗರಕ್ಕೆ ಹತ್ತಿರದ ಕೊಳಗಲ್ಲಿನಂತಹ ಊರೊಂದನ್ನು ತೆಗೆದುಕೊಳ್ಳೋಣ. ಲೆಕ್ಕದ ಅನುಕೂಲಕ್ಕಾಗಿ ಜನಸಂಖ್ಯೆ 8,000 ಎಂದಿಟ್ಟುಕೊಳ್ಳೋಣ. ಪ್ರಕಟಣೆಯ ಒಂದು ಸಾಲು ಹೀಗಿದೆ ಎಂದು ಭಾವಿಸೋಣ: '62 ವರ್ಷ, ಹೆಣ್ಣು, ಹೈದರಾಬಾದಿನಿಂದ ಮರಳಿದವರು'. ಊರಿನಲ್ಲಿ ಹೆಂಗಸರು ಸುಮಾರು 4,000. ಅವರಲ್ಲಿ ಶೇಕಡ 1ರಷ್ಟು ಮಂದಿಗೆ 62 ವರ್ಷವೆಂದರೆ ಉಳಿಯುವವರು 40 ಜನ. ಈ 40 ಜನರಲ್ಲಿ ಆ ತಿಂಗಳು ಹೈದರಾಬಾದಿಗೆ ಹೋಗಿ ಬಂದವರು ಒಬ್ಬರೇ ಇರಬಹುದು. ಅಲ್ಲಿಗೆ ಹೆಸರನ್ನು ಬರೆದಂತೆಯೇ ಆಯಿತು. ಬಾವಿಕಟ್ಟೆಯಲ್ಲಿ, ಚಹಾದಂಗಡಿಯಲ್ಲಿ ಆ ಸಾಲನ್ನು ಓದಿದವರಿಗೆ ಮನೆಯ ಬಾಗಿಲೂ ಗೊತ್ತು.

ಇದೇ ಸಾಲನ್ನು ಒಂದು ಕೋಟಿ ಜನರ ನಗರಕ್ಕೆ ಅನ್ವಯಿಸಿದರೆ 62 ವರ್ಷದ ಹೆಂಗಸರು 50,000 ಆಗುತ್ತಾರೆ. ಅದೇ ಪ್ರಮಾಣದಲ್ಲಿ ಪ್ರಯಾಣ ಮಾಡಿದವರು 1,250. ಗುಂಪಿನಲ್ಲಿ ವ್ಯಕ್ತಿ ಮರೆಯಾಗುತ್ತಾಳೆ. ಮಾಹಿತಿ ಒಂದೇ, ಆದರೆ ಅದು ನಗರದಲ್ಲಿ ಅನಾಮಿಕ, ಹಳ್ಳಿಯಲ್ಲಿ ಬಹಿರಂಗ. ಒಂದೇ ವಿವರಗಳನ್ನು ಹೊಂದಿರುವ ಗುಂಪಿನ ಗಾತ್ರವನ್ನು ಗಣಕ ವಿಜ್ಞಾನಿಗಳು 'ಕೆ' ಎಂಬ ಅಕ್ಷರದಿಂದ ಸೂಚಿಸುತ್ತಾರೆ. ಕೆ ಬೆಲೆ 1 ಆದರೆ ರಕ್ಷಣೆ ಇಲ್ಲವೆಂದೇ ಅರ್ಥ.

ಈ ಪರಿಕಲ್ಪನೆಗೆ ದಾರಿ ಮಾಡಿದವರು ಅಮೆರಿಕದ ಲಟಾನ್ಯಾ ಸ್ವೀನಿ. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ಸರ್ಕಾರಿ ನೌಕರರ ಚಿಕಿತ್ಸಾ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ನೀಡಿತ್ತು. ವಿದ್ಯಾರ್ಥಿನಿಯಾಗಿದ್ದ ಸ್ವೀನಿ 20 ಡಾಲರಿಗೆ ಕೇಂಬ್ರಿಜ್ ನಗರದ ಮತದಾರರ ಪಟ್ಟಿಯನ್ನು ಕೊಂಡು ಎರಡನ್ನೂ ಹೋಲಿಸಿದರು. ಆ ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ಜನ್ಮದಿನಾಂಕವೇ ಇದ್ದವರು ಆ ನಗರದಲ್ಲಿ ಆರು ಮಂದಿ. ಅವರಲ್ಲಿ ಗಂಡಸರು ಮೂವರು. ಅದೇ ಅಂಚೆ ಸಂಕೇತದವರು ಒಬ್ಬರೇ. ಗವರ್ನರರ ಆರೋಗ್ಯದ ದಾಖಲೆ ಬಯಲಾಯಿತು. ಅಮೆರಿಕದ ಶೇಕಡ 87 ಜನರನ್ನು ಈ ಮೂರು ವಿವರಗಳಿಂದಲೇ ಗುರುತಿಸಬಹುದೆಂದು ಅವರು 2000ದಲ್ಲಿ ಅಂದಾಜಿಸಿದರು. 2006ರ ಮತ್ತೊಂದು ಎಣಿಕೆ ಇದನ್ನು ಶೇಕಡ 63ಕ್ಕೆ ಇಳಿಸಿತು. ಇಳಿದ ಅಂಕಿಯೂ ಚಿಕ್ಕದೇನಲ್ಲ.

2020ರಲ್ಲಿ ನಡೆದದ್ದು

ಅಂದು ಸೋಂಕಿನ ಜಾಡು ಹಿಡಿಯುವುದು ಅಗತ್ಯವಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಜಾಡು ಹಿಡಿಯುವುದು ಬೇರೆ, ಊರಿಗೆಲ್ಲ ಸಾರುವುದು ಬೇರೆ. 2020ರ ಮಾರ್ಚ್‌ನಲ್ಲಿ ವಿದೇಶದಿಂದ ಬಂದು ಮನೆಯಲ್ಲೇ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರ ಜಿಲ್ಲಾವಾರು ಪ್ರಕಟಿಸಿತು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಕೈಗೆ ಮುದ್ರೆ ಬಿತ್ತು. ಮನೆಗಳ ಮುಂದೆ ಭಿತ್ತಿಪತ್ರ ಅಂಟಿತು. ಪಟ್ಟಿ ಆರೋಗ್ಯ ಕಾರ್ಯಕರ್ತರ ಕೈಯಲ್ಲಿದ್ದರೆ ಸಾಕಿತ್ತು. ಅದು ಎಲ್ಲರ ಮೊಬೈಲಿಗೂ ತಲುಪಿದ್ದರಿಂದ ರೋಗ ನಿಯಂತ್ರಣಕ್ಕೆ ಆದ ಲಾಭವೇನು?

ನ್ಯಾಯಾಲಯಗಳು ಎರಡು ಬಾರಿ ತಡೆದವು. ವಿಪತ್ತು ನಿರ್ವಹಣಾ ಕಾಯ್ದೆಯಡಿ ಸಕ್ಷಮ ಪ್ರಾಧಿಕಾರದ ನಿರ್ದೇಶನವಿಲ್ಲದೆ ಸೋಂಕಿತರ ಮನೆಗೆ ಭಿತ್ತಿಪತ್ರ ಅಂಟಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಡಿಸೆಂಬರ್ 9ರಂದು ಹೇಳಿತು. ಆರೋಗ್ಯ ಸೇತು ತಂತ್ರಾಂಶದ ಬಳಕೆದಾರರ ಮಾಹಿತಿಯನ್ನು ಅವರ ತಿಳಿವಳಿಕೆಯುಕ್ತ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಹಂಚಬಾರದೆಂದು ಕರ್ನಾಟಕ ಹೈಕೋರ್ಟು 2021ರ ಜನವರಿ 25ರಂದು ಮಧ್ಯಂತರ ಆದೇಶ ನೀಡಿತು. ಇವೆರಡಕ್ಕೂ ತಳಹದಿ ಖಾಸಗಿತನವು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ.

ಕಾಯ್ದೆ ಎಡವಿದ್ದೆಲ್ಲಿ?

ಆಗ ಕೈಯಲ್ಲಿದ್ದ ಮುಖ್ಯ ಅಸ್ತ್ರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬಯಿ ಪ್ಲೇಗಿನ ಕಾಲದ ಈ ಪುಟ್ಟ ಕಾಯ್ದೆ ಸರ್ಕಾರಕ್ಕೆ ಅಧಿಕಾರ ಕೊಟ್ಟಿತೇ ಹೊರತು ರೋಗಿಯ ಮಾಹಿತಿಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಆದ್ದರಿಂದ 2023ರ ಕಾಯ್ದೆಯ ಮೇಲೆ ನಿರೀಕ್ಷೆ ಹೆಚ್ಚಾಗಿತ್ತು. ಒಪ್ಪಿಗೆಗೆ ಸ್ಪಷ್ಟ ನಿಯಮ, ಮಾಹಿತಿ ಸೋರಿಕೆಯಾದರೆ ತಿಳಿಸುವ ಹೊಣೆ, ಭದ್ರತೆಯಲ್ಲಿ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ಇವು ಅದರ ಒಳ್ಳೆಯ ಅಂಶಗಳು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಮುಖ್ಯ ಹೊಣೆಗಾರಿಕೆಗಳ ಜಾರಿಗೆ 18 ತಿಂಗಳ ಅವಧಿ ನಿಗದಿಯಾಯಿತು.

ಆದರೆ ಸಾಂಕ್ರಾಮಿಕದ ಕಣ್ಣಿನಿಂದ ಓದಿದಾಗ ಕೊರತೆಗಳು ಎದ್ದು ಕಾಣುತ್ತವೆ. 2019ರ ಮಸೂದೆಯಲ್ಲಿ ಆರೋಗ್ಯದ ಮಾಹಿತಿಗೆ 'ಸೂಕ್ಷ್ಮ ಮಾಹಿತಿ' ಎಂಬ ಪ್ರತ್ಯೇಕ ಸ್ಥಾನವಿತ್ತು; ಗುರುತು ತೆಗೆದ ಮಾಹಿತಿಯಿಂದ ಅನುಮತಿಯಿಲ್ಲದೆ ವ್ಯಕ್ತಿಯನ್ನು ಮತ್ತೆ ಪತ್ತೆಹಚ್ಚುವುದು ಅಪರಾಧವಾಗಿತ್ತು. ಆ ಮಸೂದೆಯನ್ನು 2022ರಲ್ಲಿ ಹಿಂತೆಗೆದುಕೊಳ್ಳಲಾಯಿತು. 2023ರ ಕಾಯ್ದೆಯಲ್ಲಿ ಈ ಎರಡೂ ಇಲ್ಲ. ಕ್ಷಯದ ಪರೀಕ್ಷೆಯ ಫಲಿತಾಂಶಕ್ಕೂ ಅಂಗಡಿಯ ರಸೀದಿಗೂ ಒಂದೇ ತಕ್ಕಡಿ.

ಕಾಯ್ದೆಯ 7ನೆಯ ಕಲಂ ಸಾಂಕ್ರಾಮಿಕದ ಸಮಯದಲ್ಲಿ ಚಿಕಿತ್ಸೆ ಹಾಗೂ ಆರೋಗ್ಯ ಸೇವೆಗಾಗಿ ಒಪ್ಪಿಗೆಯಿಲ್ಲದೆ ಮಾಹಿತಿ ಬಳಸಲು ಅವಕಾಶ ಕೊಡುತ್ತದೆ. ಇದು ಅನಿವಾರ್ಯವೇ. ಆದರೆ ಒಪ್ಪಿಗೆ ಇಲ್ಲದ ಕಡೆ ಮುನ್ಸೂಚನೆ ಕೊಡುವ ಕಟ್ಟಳೆಯೂ ಇಲ್ಲ; ತನ್ನ ಬಗ್ಗೆ ಏನು ದಾಖಲಾಗಿದೆ ಎಂದು ಕೇಳುವ ಹಕ್ಕೂ ಇಲ್ಲ. ಇದಕ್ಕೆ 17ನೆಯ ಕಲಮನ್ನು ಸೇರಿಸಿ ಓದಬೇಕು. ಉದ್ದೇಶ ಮುಗಿದ ಮೇಲೆ ಮಾಹಿತಿಯನ್ನು ಅಳಿಸಬೇಕೆಂಬ ನಿಯಮ ಸರ್ಕಾರಕ್ಕೆ ಅನ್ವಯಿಸುವುದಿಲ್ಲ. ರೋಗ ಹೋದರೂ ಪಟ್ಟಿ ಹೋಗಬೇಕಾಗಿಲ್ಲ! ಇನ್ನು ಕಾಗದದಲ್ಲೇ ಉಳಿದ ಪಟ್ಟಿ, ಗೋಡೆಗೆ ಅಂಟಿಸಿದ ಕೈಬರಹದ ಚೀಟಿ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ.

ನೊಂದವರಿಗೆ ಸಿಗುವುದೇನು? ದಂಡದ ಹಣ ಸರ್ಕಾರದ ಸಂಚಿತ ನಿಧಿಗೆ ಹೋಗುತ್ತದೆ. ಕಂಪನಿಗಳಿಂದ ಪರಿಹಾರ ಪಡೆಯಲು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿದ್ದ 43ಎ ಕಲಮನ್ನು ಹೊಸ ಕಾಯ್ದೆ ಕೈಬಿಡುತ್ತದೆ.

ದಾರಿ ನಮ್ಮಲ್ಲೇ ಇದೆ

ಇದಕ್ಕಿಂತ ಉತ್ತಮವಾದ ಮಾದರಿಗೆ ಹೊರದೇಶಕ್ಕೆ ಹೋಗಬೇಕಾಗಿಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಸೋಂಕಿತರ ಗುಟ್ಟನ್ನು ಕಾಪಾಡುವುದನ್ನು ರೋಗ ನಿಯಂತ್ರಣದ ಭಾಗವಾಗಿಯೇ ಕಾಣುತ್ತದೆ. ಇದರ ತರ್ಕ ಸರಳ. ಊರಿಗೆಲ್ಲ ತಿಳಿಯುವ ಭಯವಿದ್ದರೆ ಜನ ಪರೀಕ್ಷೆಗೇ ಬರುವುದಿಲ್ಲ. ಪರೀಕ್ಷೆಯಾಗದಿದ್ದರೆ ಸೋಂಕು ಹರಡುತ್ತದೆ. ಖಾಸಗಿತನ ಮತ್ತು ಸಾರ್ವಜನಿಕ ಆರೋಗ್ಯ ಪರಸ್ಪರ ವಿರೋಧಿಗಳೆಂದು ಹೇಳುವವರು ಈ ಅನುಭವವನ್ನು ಗಮನಿಸಬೇಕು.

ಆದ್ದರಿಂದ ಸಾಂಕ್ರಾಮಿಕ ಕಾಲದ ಮಾಹಿತಿಗೆ ಮೂರು ನಿಯಮಗಳಾದರೂ ಕಾನೂನಿನಲ್ಲಿ ಸೇರಬೇಕು. ಸಾರ್ವಜನಿಕ ಪ್ರಕಟಣೆಯಲ್ಲಿ ಯಾವ ಗುಂಪಿನ ಗಾತ್ರವೂ ಇಂತಿಷ್ಟಕ್ಕಿಂತ ಕಡಿಮೆ ಇರಬಾರದು. ಹಳ್ಳಿಯ ಬದಲು ತಾಲ್ಲೂಕು, 62ರ ಬದಲು 60ರಿಂದ 69 ಎಂದು ಬರೆದರೆ ಸಾಕು. ತುರ್ತಿನಲ್ಲಿ ಕಲೆಹಾಕಿದ ಪಟ್ಟಿಯನ್ನು ಅಳಿಸಲು ನಿಗದಿತ ದಿನಾಂಕವಿರಬೇಕು. ಗುರುತು ಬಯಲಾಗಿ ನೊಂದವರಿಗೆ ಪರಿಹಾರ ದೊರೆಯಬೇಕು.

ಶಿಕ್ಷಕರು ಈ ಲೆಕ್ಕವನ್ನು ತರಗತಿಯಲ್ಲೇ ಮಾಡಿಸಬಹುದು. ಮಕ್ಕಳ ಆರೋಗ್ಯದ ವಿವರ ಬೇಡ. ಹುಟ್ಟಿದ ತಿಂಗಳು, ಬರುವ ಓಣಿ, ಒಡಹುಟ್ಟಿದವರ ಸಂಖ್ಯೆ ಇವಿಷ್ಟನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಸಿ, ಎಷ್ಟು ಚೀಟಿಗಳು ಒಂಟಿಯಾಗಿ ಉಳಿಯುತ್ತವೆ ಎಂದು ಎಣಿಸಿದರೆ ಸಾಕು. ಅನಂತರ ಶಾಲೆಯ ಆರೋಗ್ಯ ತಪಾಸಣೆಯಲ್ಲಿ ರಕ್ತಹೀನತೆ ಕಂಡುಬಂದ ಹುಡುಗಿಯರ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸುವ ಮುನ್ನ ನಮ್ಮ ಕೈ ತಾನಾಗಿಯೇ ತಡೆದೀತು. ಕಾನೂನು ತಿದ್ದುಪಡಿಯಾಗುವವರೆಗೆ ಕಾಯದೆ ಇಂದೇ ಮಾಡಬಹುದಾದ ಕೆಲಸವಿದು.